ಸ್ಪಿನ್ ‘ಎರರ್ಸ್ ಸೊನ್ನೆ’ ಅಂದಿದೆ ಅಂತ ನಂಬಬೇಡಿ

ಪ್ರೋಟೋಕಾಲ್ ಡಿಸೈನ್ ಮಾಡುವವರು ದಯವಿಟ್ಟು ಓದಿ. ಸ್ಪಿನ್ ಅಂದರೆ ಪ್ರೋಟೋಕಾಲಿನ ಮಾಡೆಲ್ ಬರೆದುಕೊಟ್ಟರೆ ಅದರಲ್ಲಿ ತಪ್ಪು ಹುಡುಕುವ ಟೂಲ್. ನಾನು ಮೋಸ ಹೋದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಯುಡಿಪಿ ಮೇಲೆ ಓಡುವ ಚಿಕ್ಕ ಪ್ರೋಟೋಕಾಲ್ ನಮ್ಮದು. ಯುಡಿಪಿಯಲ್ಲಿ ಮೆಸೇಜ್ ಕಳೆದುಹೋಗಬಹುದು, ಹಿಂದುಮುಂದಾಗಿಯೂ ಬರಬಹುದು. ಅಕ್ (ಮೆಸೇಜ್ ತಲುಪಿತು ಎಂಬ ಉತ್ತರ) ಬರದಿದ್ದರೆ ಟೈಮ್‌ಔಟ್, ಮತ್ತೆ ಕಳಿಸು. ಮೆಸೇಜಿನ ಸೀಕ್ವೆನ್ಸ್ ನಂಬರಿಗೆ ಒಂದೇ ಬಿಟ್, ಅಂದರೆ 0 ಇಲ್ಲವೇ 1. ಇದನ್ನು ಪ್ರೊಮೆಲಾ ಮತ್ತು ಟಿಎಲ್‌ಎ ಪ್ಲಸ್ ಎಂಬ ಎರಡು ಮಾಡೆಲ್ ಭಾಷೆಗಳಲ್ಲೂ ಬರೆದು (ಮೊದಲನೆಯದನ್ನು ಸ್ಪಿನ್, ಎರಡನೆಯದನ್ನು ಟಿಎಲ್‌ಸಿ ಎಂಬ ಟೂಲ್ ಪರೀಕ್ಷಿಸುತ್ತದೆ), ಯಾವ ಭಾಷೆ ನಮಗೆ ಸರಿ ಎಂದು ಹೇಳಿ ಅಂತ ಒಂದು ಕನ್ಸಲ್ಟೆನ್ಸಿಗೆ ಕೊಟ್ಟೆ. ದುಡ್ಡು ಪೂರ್ತಿ ಮೊದಲೇ ಕೊಟ್ಟಿದ್ದೆ.

ವರದಿ ಬಂತು. ಸ್ಪಿನ್‌ನಲ್ಲಿ ಎರರ್ಸ್ ಸೊನ್ನೆ. ಟಿಎಲ್‌ಸಿ ಮಾತ್ರ ಒಂದು ಟ್ರೇಸ್ (ತಪ್ಪು ಹೇಗಾಗುತ್ತದೆ ಎಂಬ ಹೆಜ್ಜೆಗಳ ಪಟ್ಟಿ) ಕೊಟ್ಟಿತ್ತು: ತಡವಾಗಿ ಬಂದ ಹಳೆ ಮೆಸೇಜನ್ನು ಹೊಸದೆಂದು ತೆಗೆದುಕೊಳ್ಳುವುದು. ಅದರ ಕೆಳಗೆ ಅವರ ಮಾತು: ‘ಈ ಭಾಷೆ ಸುಳ್ಳು ತಪ್ಪು ತೋರಿಸುತ್ತದೆ. ಪ್ರೊಮೆಲಾ ಸಾಕು.’ ನಂಬಿದೆ.

ಕೋಡ್ ಓಡಿತು. ಅದೇ ತಪ್ಪು ಆಯಿತು. ಆ ಟ್ರೇಸ್‌ನಲ್ಲಿದ್ದ ಹಾಗೇ, ಹೆಜ್ಜೆ ಹೆಜ್ಜೆಗೂ!

ಆಗ ಮಾಡೆಲ್ ತೆರೆದು ನೋಡಿದೆ. ಪ್ರೊಮೆಲಾದಲ್ಲಿ ನೆಟ್‌ವರ್ಕ್ ಬದಲು ಸುಮ್ನೆ ಒಂದು ಚಾನೆಲ್ (ಮೆಸೇಜ್ ಸಾಗುವ ದಾರಿ) ಹಾಕಿಬಿಟ್ಟಿದ್ದಾರೆ. ಆ ಚಾನೆಲ್ ತಾನಾಗಿ ಏನನ್ನೂ ಕಳೆಯುವುದಿಲ್ಲ, ಹಾಕಿದ ಕ್ರಮದಲ್ಲೇ ಕೊಡುತ್ತದೆ. ಕಳೆದುಹೋಗುವುದು, ಹಿಂದುಮುಂದಾಗುವುದು ಎಲ್ಲ ನಾವೇ ಬರೆಯಬೇಕು ಅಲ್ವಾ? ಟಿಎಲ್‌ಎ ಪ್ಲಸ್‌ನಲ್ಲಿ ಮೆಸೇಜುಗಳನ್ನು ಒಂದು ಸೆಟ್ಟಿಗೆ ಹಾಕಿದ್ದರು, ಯಾವುದು ಯಾವಾಗ ಬೇಕಾದರೂ ಬರಬಹುದು. ಎರಡರಲ್ಲಿ ನೆಟ್‌ವರ್ಕೇ ಬೇರೆ ಬೇರೆ! ಇದಕ್ಕೆ ಭಾಷೆಗಳ ಹೋಲಿಕೆ ಎಂದು ಹೆಸರಿಟ್ಟಿದ್ದಾರೆ.

ಜಾಸ್ತಿ ಹೊಟ್ಟೆ ಉರಿದದ್ದು ಸ್ಪಿನ್ ಔಟ್‌ಪುಟ್‌ನ ಕೊನೆ ನೋಡಿದಾಗ. ಅಲ್ಲಿ ‘ಅನ್‌ರೀಚ್ಡ್’ (ಒಂದು ಸಲವೂ ನಡೆಯದ ಸಾಲುಗಳ) ಪಟ್ಟಿ ಇರುತ್ತದಲ್ಲ, ಅದರಲ್ಲಿ ಟೈಮ್‌ಔಟ್ ಸಾಲು, ಮತ್ತೆ ಕಳಿಸುವ ಸಾಲು ಎರಡೂ ಇದ್ದವು. ಪ್ರೊಮೆಲಾದಲ್ಲಿ ಬೇರೇನೂ ಮುಂದೆ ಹೋಗಲಾಗದಿದ್ದಾಗ ಮಾತ್ರ ಟೈಮ್‌ಔಟ್ ನಡೆಯುತ್ತದೆ. ಏನೂ ಕಳೆಯದಿದ್ದರೆ ಅದರ ಸರದಿಯೇ ಬರುವುದಿಲ್ಲ. ನಮ್ಮ ಪ್ರೋಟೋಕಾಲಿನ ಜೀವವೇ ಆ ಸಾಲು. ಒಂದು ಸಲವೂ ನಡೆದಿಲ್ಲ. ಒಂದು ಸಲವೂ! ಆ ಪುಟ ಮೊದಲ ದಿನದಿಂದ ನನ್ನ ಕೈಯಲ್ಲೇ ಇತ್ತು. ನಾನು ಸೊನ್ನೆ ನೋಡಿ ಮುಚ್ಚಿಟ್ಟೆ.

ಕೇಳಿದ್ದಕ್ಕೆ ಮೊದಲು ‘ಟೂಲ್ ಸೊನ್ನೆ ಅಂದಿದೆ, ನಾವೇನು ಮಾಡೋಣ?’ ಎಂದರು. ಆಮೇಲೆ ‘ಮೆಸೇಜ್ ಹಿಂದುಮುಂದಾಗುತ್ತದೆ ಎಂದು ನೀವು ಬರೆದುಕೊಟ್ಟಿರಲಿಲ್ಲ.’ ಯುಡಿಪಿ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ! ನಮ್ಮದರ ಹಾಗೆ ಒಂದೇ ಬಿಟ್ ಬಳಸುವ ಆಲ್ಟರ್ನೇಟಿಂಗ್ ಬಿಟ್ ಪ್ರೋಟೋಕಾಲ್ 1969ರಷ್ಟು ಹಳೆಯದು. ಮೆಸೇಜುಗಳ ಕ್ರಮ ತಪ್ಪದ ಕಡೆ ಮಾತ್ರ ಒಂದು ಬಿಟ್ ಸಾಕು. ಇದು ಗೊತ್ತಿಲ್ಲದವರು ಈ ಕೆಲಸಕ್ಕೆ ಯಾಕೆ ದುಡ್ಡು ತೆಗೆದುಕೊಳ್ಳಬೇಕು? ಕೊನೆಯ ಉತ್ತರ: ‘ನೀವು ಕೇಳಿದ್ದು ಹೋಲಿಕೆ, ಪ್ರೋಟೋಕಾಲ್ ಸರಿಯಿದೆಯಾ ಎಂದಲ್ಲ.’ ಆಮೇಲೆ ಉತ್ತರವೇ ಇಲ್ಲ.

ಇಂಥವರ ಕೈಗೆ ಕೆಲಸ ಕೊಡುವ ಮೊದಲು ನೆಟ್‌ವರ್ಕ್ ಏನೇನು ಮಾಡಬಹುದು ಎಂದು ನೀವೇ ಬರೆದುಕೊಡಿ. ಎರಡೂ ಮಾಡೆಲ್‌ನಲ್ಲಿ ಅದು ಇದೆಯಾ ನೋಡಿ. ಅನ್‌ರೀಚ್ಡ್ ಪಟ್ಟಿ ಓದದೆ ದುಡ್ಡು ಕೊಡಬೇಡಿ. ‘ಸುಳ್ಳು ತಪ್ಪು’ ಎಂದರೆ ಆ ಟ್ರೇಸನ್ನು ಅವರ ಮುಂದೆಯೇ ಒಂದೊಂದು ಹೆಜ್ಜೆ ಓದಿಸಿ.