2.4 ಬೇಕಾ, 5 ಬೇಕಾ: ನಿಮ್ಮ ಮನೆಗೆ ಯಾವ ವೈಫೈ?

ರೂಟರ್ ಹಾಕಿಸಿದ ತಕ್ಷಣ ಫೋನಿನಲ್ಲಿ ಸಾಮಾನ್ಯವಾಗಿ ಎರಡು ಹೆಸರು ಕಾಣುತ್ತವೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5. ಇದು ಆವರ್ತನ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ. ಮೊದಲನೆಯದು ಸುಮಾರು 240 ಕೋಟಿ ಸಲ, ಎರಡನೆಯದು 500 ಕೋಟಿಗೂ ಜಾಸ್ತಿ!

ಬಸವನಗುಡಿಯ ಹಳೇ ಮನೆ, ದಪ್ಪ ಗೋಡೆ ಅಂದರೆ 2.4 ಆರಿಸಿ. ಅದು ಗೋಡೆ ದಾಟಿಯೂ ಸಾಕಷ್ಟು ಉಳಿಯುತ್ತದೆ. 5 ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ.

ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ಕಥೆ ಬೇರೆ. ಮೇಲೆ, ಕೆಳಗೆ, ಪಕ್ಕದಲ್ಲಿ ಎಲ್ಲ ಕಡೆ ರೂಟರ್ ಇರುತ್ತದೆ ಅಲ್ವಾ? 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು, ಅಂದರೆ ಸಿಗ್ನಲ್ ಓಡುವ ದಾರಿಗಳು, ಮೂರೇ: 1, 6, 11. ಬ್ಲೂಟೂತ್ ಕೂಡ ಅಲ್ಲೇ. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಸುಮಾರು 2.45ರಲ್ಲಿ. ನಮ್ಮ ಮನೆಯಲ್ಲಿ ಅನ್ನ ಬಿಸಿಗಿಟ್ಟಾಗಲೆಲ್ಲ ವಿಡಿಯೋ ಕಾಲ್ ತಡವರಿಸುತ್ತಿತ್ತು. ಲ್ಯಾಪ್‌ಟಾಪನ್ನು 5ಕ್ಕೆ ಬದಲಿಸಿದೆ, ಆ ತಾಪತ್ರಯ ಹೋಯಿತು.

ರೂಟರ್ ಇರುವ ಕೋಣೆಯಲ್ಲೇ ಕೂತು ಕೆಲಸ ಮಾಡುವವರಿಗೆ ನನ್ನ ಓಟು 5ಕ್ಕೆ. ಗೇಟಿನ ಕ್ಯಾಮೆರಾ, ಸ್ಮಾರ್ಟ್ ಬಲ್ಬ್ 2.4ರಲ್ಲೇ ಇರಲಿ. ಅವುಗಳಲ್ಲಿ ಹಲವು 5ನ್ನು ಹಿಡಿಯುವುದೇ ಇಲ್ಲ, ಕೊಳ್ಳುವ ಮೊದಲು ಡಬ್ಬದ ಮೇಲೆ ನೋಡಿ.