ಮನೋರೋಗ ಸಂಶೋಧನೆಗೆ ಶಿರಸಿಯಿಂದ ಆನ್‌ಲೈನ್ ದೇಣಿಗೆ: ಐದಕ್ಕೆ ಮೂರು

ಹಿರಿಯರ ನೆನಪಿಗೆ ಮಠಕ್ಕೋ ಶಾಲೆಗೋ ಕೊಡುವ ರೂಢಿ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಹೊಸದಲ್ಲ. ಅದೇ ಹಣವನ್ನು ಮನೋರೋಗದ ಸಂಶೋಧನೆಗೆ ಕೊಡಲು ಹೊರಟವರಿಗೆ ಆನ್‌ಲೈನ್ ದೇಣಿಗೆಯ ವ್ಯವಸ್ಥೆ ಎಷ್ಟು ಒದಗುತ್ತದೆ? ಹಣ ಸಂಸ್ಥೆಗೆ ಮುಟ್ಟುವುದು ಎರಡು ನಿಮಿಷದ ಕೆಲಸ. ಸಂಶೋಧನೆಗೇ ಮುಟ್ಟಿತೇ ಎಂಬಲ್ಲಿ ನಾವು ಐದರಲ್ಲಿ ಎರಡು ಅಂಕ ಕಳೆದಿದ್ದೇವೆ.

ಸಂಸ್ಥೆಗಳ ವೆಬ್‌ಸೈಟಿನ ದೇಣಿಗೆ ಪುಟಗಳಲ್ಲಿ 'ಬಡರೋಗಿಗಳ ನೆರವು', 'ಸಾಮಾನ್ಯ ನಿಧಿ' ಎಂಬ ಆಯ್ಕೆಗಳು ಸಿಗುತ್ತವೆ. 'ಸಂಶೋಧನೆ' ಎಂಬುದು ಎಷ್ಟೋ ಕಡೆ ಇಲ್ಲ. ಕ್ಯೂಆರ್ ಸ್ಕ್ಯಾನ್ ಮಾಡಿ ಹಾಕಿದ ದುಡ್ಡಿಗೆ ಉದ್ದೇಶವೂ ಇಲ್ಲ, ಪ್ಯಾನ್ ನಂಬರೂ ಇಲ್ಲ. ಆದ್ದರಿಂದ ಮೊದಲು ಇಮೇಲ್ ಬರೆಯಿರಿ: ಯಾವ ಅಧ್ಯಯನ, ಎಥಿಕ್ಸ್ ಕಮಿಟಿ (ಸಂಶೋಧನೆಯ ನೈತಿಕತೆ ನೋಡುವ ಸಮಿತಿ) ಒಪ್ಪಿದೆಯೇ, ಎಷ್ಟು ವರ್ಷದ್ದು, ಹಣ ಉಳಿದರೆ ಎಲ್ಲಿಗೆ ಹೋಗುತ್ತದೆ. ಲಿಖಿತ ಉತ್ತರ ಬಂದ ಮೇಲೆಯೇ ಹಣ ಕಳಿಸಿ.

ರಶೀದಿಯೊಂದೇ ಸಾಲದು. 2026ರ ಮಾರ್ಚ್ 31ರವರೆಗಿನ ದೇಣಿಗೆಗೆ ಅನ್ವಯಿಸಿದ 1961ರ ಆದಾಯ ತೆರಿಗೆ ಕಾಯ್ದೆಯ ಲೆಕ್ಕದಲ್ಲಿ ಸಂಸ್ಥೆ ದೇಣಿಗೆಗಳ ವಿವರಪಟ್ಟಿಯಾದ 10ಬಿಡಿ ನಮೂನೆಯನ್ನು ತೆರಿಗೆ ಇಲಾಖೆಗೆ ಸಲ್ಲಿಸಿ, ಆರ್ಥಿಕ ವರ್ಷ ಮುಗಿದ ಮೇಲೆ ಮೇ 31ರೊಳಗೆ ನಿಮಗೆ 10ಬಿಇ ಎಂಬ ದೇಣಿಗೆ ಪ್ರಮಾಣಪತ್ರ ಕೊಡಬೇಕಿತ್ತು. ನಿಮಗೆ ಸಿಕ್ಕ ಪ್ರಮಾಣಪತ್ರದಲ್ಲಿ ದೇಣಿಗೆಯ ಬಗೆ 'ಕಾರ್ಪಸ್' ಎಂದಿದೆಯೋ 'ಸ್ಪೆಸಿಫಿಕ್ ಗ್ರಾಂಟ್' (ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಹಣ) ಎಂದಿದೆಯೋ ನೋಡಿ. ಕಾರ್ಪಸ್ ಎಂದಿದ್ದರೆ ನಿಮ್ಮ ಹಣ ಮೂಲನಿಧಿಗೆ ಸೇರಿತು, ಈ ವರ್ಷದ ಅಧ್ಯಯನಕ್ಕಲ್ಲ. ತಪ್ಪಿದ್ದರೆ ತಿದ್ದುಪಡಿ ಕೇಳಿ.

ವಿನಾಯಿತಿಯ ಆಸೆ ಹೆಚ್ಚು ಬೇಡ. ಅದೇ ಕಾಯ್ದೆಯ 80ಜಿ ಸೆಕ್ಷನ್ ಅಡಿ ದೇಣಿಗೆಯ ಅರ್ಧ ಮೊತ್ತವನ್ನು ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು ಎಂದಾದರೆ, ಶೇ. 20ರ ಸ್ಲ್ಯಾಬಿನವರಿಗೆ 10,000 ರೂಪಾಯಿ ಕೊಟ್ಟಾಗ ಸೆಸ್ ಸೇರಿ ತೆರಿಗೆಯಲ್ಲಿ ಉಳಿಯುತ್ತಿದ್ದುದು 1,040 ರೂಪಾಯಿ; ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. 2,000 ರೂಪಾಯಿ ದಾಟಿದ ನಗದಿಗೆ ವಿನಾಯಿತಿಯೇ ಇಲ್ಲ. ಬರೀ ಅಡಿಕೆ ತೋಟದ ಆದಾಯ ಇರುವವರು ಇದನ್ನೆಲ್ಲ ಬಿಟ್ಟುಬಿಡಬಹುದು. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲವಲ್ಲ.

2023ರಲ್ಲಿ ರೋಹಿಣಿ ನಿಲೇಕಣಿ ಫಿಲಾಂತ್ರಪೀಸ್ ಎಂಬ ದಾನ ಸಂಸ್ಥೆಯು ಬೆಂಗಳೂರಿನ ಮನೋರೋಗ ಆಸ್ಪತ್ರೆ ನಿಮ್ಹಾನ್ಸ್ ಮತ್ತು ಅಲ್ಲಿಯದೇ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ಗೆ ಐದು ವರ್ಷಕ್ಕೆ 100 ಕೋಟಿ ರೂಪಾಯಿ ಕೊಟ್ಟಿತು. ಸ್ಕಿಜೋಫ್ರೀನಿಯಾ, ಬೈಪೋಲಾರ್, ಒಸಿಡಿ (ಗೀಳು ಕಾಯಿಲೆ), ವ್ಯಸನ, ಮರೆಗುಳಿತನಗಳ ಅಧ್ಯಯನಕ್ಕೆ ಆ ಹಣ. ಮಿದುಳಿನ ಸ್ಕ್ಯಾನ್, ವಂಶವಾಹಿ ಪರೀಕ್ಷೆಗಳಿಗೆ ಅಷ್ಟು ದೊಡ್ಡ ಮೊತ್ತವೇ ಬೇಕು. ಸಣ್ಣ ದೇಣಿಗೆ ನಿಜಕ್ಕೂ ಕೆಲಸಕ್ಕೆ ಬರುವುದು ಫಾಲೋಅಪ್‌ನಲ್ಲಿ. ಒಂದೇ ಕುಟುಂಬವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಕಾಣಬೇಕಾದ ಅಧ್ಯಯನದಲ್ಲಿ ಜನ ನಡುವೆಯೇ ಬಿಟ್ಟುಹೋಗುತ್ತಾರೆ. ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಚಾರ್ಜು, ಜೊತೆಗೆ ಬಂದವರ ಕೂಲಿ ಎರಡನ್ನೂ ಅವರ ಮೇಲೇ ಹಾಕಿದರೆ ಮೂರನೇ ಸಲಕ್ಕೆ ಯಾರು ಬಂದಾರು? ಬಿಟ್ಟುಹೋಗುವವರಲ್ಲಿ ಕಾಯಿಲೆ ಜೋರಾದವರೇ ಹೆಚ್ಚಿದ್ದರೆ, ಉಳಿದವರ ಲೆಕ್ಕ ಸುಳ್ಳೇ ಒಳ್ಳೆಯದಾಗಿ ಕಾಣುತ್ತದೆ. 'ಭಾಗವಹಿಸುವವರ ಪ್ರಯಾಣ ವೆಚ್ಚಕ್ಕೆ' ಎಂದೇ ನಮೂದಿಸಿ ಕೊಡಬಹುದೇ ಎಂದು ಕೇಳಿ ನೋಡಿ.

ಘಟ್ಟದ ಕೆಳಗಿನ ಮೀನುಗಾರರ ಕೇರಿಗಳಲ್ಲಿ ಸಮೀಕ್ಷೆ ಎಂದಿದ್ದರೆ ಯಾವ ತಿಂಗಳು ಎಂದೂ ಕೇಳಿ. ಡಿಸೆಂಬರಿನಲ್ಲಿ ಬಂದ ತಂಡಕ್ಕೆ ಟ್ರಾಲ್ ದೋಣಿಯ ಗಂಡಸರು ಸಿಗುವುದು ಕಷ್ಟ, ಅವರು ಕಡಲಿನಲ್ಲಿರುತ್ತಾರೆ. ಜೂನ್ 1ರಿಂದ ಜುಲೈ 31ರ ಯಾಂತ್ರಿಕ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಅವರು ಮನೆಯಲ್ಲಿ ಸಿಗುತ್ತಾರೆ, ಆದರೆ ಕೈಯಲ್ಲಿ ಕಾಸಿಲ್ಲದ ಆ ದಿನಗಳ ಚಿಂತೆಯೂ ಖಿನ್ನತೆಯ ಅಂಕಗಳಿಗೆ ಸೇರಿಕೊಳ್ಳುತ್ತದೆ. ಎರಡೂ ಕಾಲದಲ್ಲಿ ಅಳೆಯಲು ಬಜೆಟ್ ಇಟ್ಟ ತಂಡಕ್ಕೆ ಕೊಡಿ.