ತೂಕದ ಚೀಟಿಯಿಂದ ಲೆಡ್ಜರ್‌ವರೆಗೆ: ರ್ಯಾಬಿಟ್‌ಎಂಕ್ಯು–ಫ್ಯಾಬ್ರಿಕ್ ಬ್ರಿಡ್ಜ್ ಜೊತೆ ಮೂರು ಕೊಯ್ಲು

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಸಂಸ್ಕರಿಸುವ ಘಟಕದಲ್ಲಿ) ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಕೆಲಸ ನನ್ನದು. ಸುಂಟಿಕೊಪ್ಪ, ಸಿದ್ದಾಪುರ ಮತ್ತು ಗೋಣಿಕೊಪ್ಪಲಿನ ಖರೀದಿ ಕೇಂದ್ರಗಳಲ್ಲಿ ಬರೆಯುವ ಪ್ರತಿಯೊಂದು ತೂಕದ ಚೀಟಿಯೂ ಸಂದೇಶಗಳನ್ನು ಸಾಲಿನಲ್ಲಿ (ಕ್ಯೂನಲ್ಲಿ) ಇಟ್ಟು ಸಾಗಿಸುವ ರ್ಯಾಬಿಟ್‌ಎಂಕ್ಯು ಎಂಬ ತಂತ್ರಾಂಶದ ಮೂಲಕ ನಮ್ಮಲ್ಲಿಗೆ ಬಂದು, ನಾವು, ರಫ್ತುದಾರರು ಮತ್ತು ಬೆಳೆಗಾರರ ಗುಂಪು ಮೂವರೂ ಸೇರಿ ನಡೆಸುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ, ಅಂದರೆ ಎಲ್ಲರೂ ಹಂಚಿಕೊಂಡ ಲೆಕ್ಕದ ಪುಸ್ತಕದಲ್ಲಿ (ಲೆಡ್ಜರ್‌ನಲ್ಲಿ), ದಾಖಲಾಗುತ್ತದೆ. ಇವೆರಡರ ನಡುವೆ ನಿಂತಿರುವ ಬ್ರಿಡ್ಜ್ ಅಂಗಡಿಯಲ್ಲಿ ಸಿಗುವ ಉತ್ಪನ್ನವಲ್ಲ. ಫ್ಯಾಬ್ರಿಕ್ ಗೇಟ್‌ವೇ ಲೈಬ್ರರಿ ಬಳಸಿ ಗೋ ಭಾಷೆಯಲ್ಲಿ ಬರೆಸಿಕೊಂಡ ಸಣ್ಣ ಪ್ರೋಗ್ರಾಂ. ಆದ್ದರಿಂದ ಈ ವಿಮರ್ಶೆಯನ್ನು ಆ ಜೋಡಣೆಯ ವಿಮರ್ಶೆಯೆಂದೇ ಓದಬೇಕು. 2023ರ ಡಿಸೆಂಬರ್‌ನಿಂದ ಇದನ್ನು ಪ್ರತಿದಿನ ಬಳಸುತ್ತಿದ್ದೇನೆ.

ಕಾಫಿ ಮಂಡಳಿಯು 2019ರ ಮಾರ್ಚ್‌ನಲ್ಲಿಯೇ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ್ದರಿಂದ ಈ ಪದ ಬೆಳೆಗಾರರಿಗೆ ಅಪರಿಚಿತವಾಗಿರಲಿಲ್ಲ. ನಮ್ಮನ್ನು ಇತ್ತ ತಳ್ಳಿದ್ದು ಐರೋಪ್ಯ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಹೇಳುವ ಆ ನಿಯಮ ತೋಟದ ಭೌಗೋಳಿಕ ಸ್ಥಾನವನ್ನೂ ಕೇಳುವುದರಿಂದ, ಯಾವ ಚೀಲ ಯಾವ ತೋಟದ್ದು ಎಂಬುದನ್ನು ಯಾರೊಬ್ಬರೂ ಒಂಟಿಯಾಗಿ ತಿದ್ದಲಾಗದ ಪುಸ್ತಕದಲ್ಲಿ ಇಡುವುದು ರಫ್ತುದಾರರಿಗೂ ಬೇಕಾಗಿತ್ತು.

ಮೊದಲು ಮೆಚ್ಚುಗೆಯ ಮಾತು. ಪ್ರತಿ ಕೇಂದ್ರದಲ್ಲಿಯೂ ಒಂದು ಪುಟ್ಟ ರ್ಯಾಬಿಟ್‌ಎಂಕ್ಯು ಇದೆ. ಅದರ ಶೋವೆಲ್ ಪ್ಲಗಿನ್ ಸಂದೇಶಗಳನ್ನು ಕುಶಾಲನಗರಕ್ಕೆ ಸಾಗಿಸುತ್ತದೆ. ಸಿದ್ದಾಪುರದ ಕಡೆ ಮರ ಬಿದ್ದು ಕೇಬಲ್ ಹರಿದು ಎರಡು ದಿನ ಇಂಟರ್ನೆಟ್ ಇಲ್ಲದಿದ್ದಾಗಲೂ ತೂಕ ನಿಲ್ಲಲಿಲ್ಲ, ಚೀಟಿಯೊಂದೂ ಕಳೆಯಲಿಲ್ಲ. ಇಷ್ಟು ಭಾಗಕ್ಕೆ ನನ್ನ ಕಡೆಯಿಂದ ಪೂರ್ಣ ಅಂಕ.

ಕಷ್ಟವಿರುವುದು ಬ್ರಿಡ್ಜ್‌ನಲ್ಲಿ, ಅದರಲ್ಲಿಯೂ ಒಂದೇ ಪ್ರಶ್ನೆಯಲ್ಲಿ: ಸಂದೇಶ ತಲುಪಿತು ಎಂದು ಕ್ಯೂಗೆ ಯಾವ ಗಳಿಗೆಯಲ್ಲಿ ಹೇಳಬೇಕು? ಫ್ಯಾಬ್ರಿಕ್‌ನಲ್ಲಿ ವಹಿವಾಟು ಮೊದಲು ಪೀರ್‌ಗಳ (ಲೆಡ್ಜರ್‌ನ ಪ್ರತಿ ಇಟ್ಟುಕೊಂಡಿರುವ ಸರ್ವರ್‌ಗಳ) ಅನುಮೋದನೆ ಪಡೆದು, ನಂತರ ವಹಿವಾಟುಗಳನ್ನು ಕ್ರಮವಾಗಿ ಜೋಡಿಸುವ ಆರ್ಡರರ್‌ಗೆ ಹೋಗಿ ಬ್ಲಾಕ್ ಎಂಬ ಕಂತೆ ಸೇರಿ, ಕೊನೆಗೆ ಪ್ರತಿಯೊಂದು ಪೀರ್‌ನಲ್ಲಿಯೂ ಪರಿಶೀಲನೆಗೆ ಒಳಗಾಗುತ್ತದೆ. ಆರ್ಡರರ್ ಒಪ್ಪಿಕೊಂಡಿತು ಎಂದ ಮಾತ್ರಕ್ಕೆ ದಾಖಲೆ ಸಿಂಧುವಾಯಿತು ಎಂದಲ್ಲ. ನಮ್ಮ ಮೊದಲ ಆವೃತ್ತಿ ಆರ್ಡರರ್ ಹೂಂ ಎಂದ ಕೂಡಲೇ ಕ್ಯೂಗೆ ಆಕ್ (ತಲುಪಿತೆಂಬ ಸ್ವೀಕೃತಿ) ಕಳುಹಿಸುತ್ತಿತ್ತು. ಆಗ ಚೈನ್‌ಕೋಡ್ (ಲೆಡ್ಜರ್‌ಗೆ ಏನು ಬರೆಯಬೇಕೆಂದು ನಿರ್ಧರಿಸುವ ಪ್ರೋಗ್ರಾಂ) ಪ್ರತಿ ಚೀಟಿಗೂ ಲಾಟ್‌ನ ಒಟ್ಟು ತೂಕವೆಂಬ ಒಂದೇ ಕೀಯನ್ನು (ಲೆಡ್ಜರ್‌ನಲ್ಲಿ ದಾಖಲೆಯನ್ನು ಗುರುತಿಸುವ ಹೆಸರು) ಓದಿ, ಕೂಡಿಸಿ, ಮತ್ತೆ ಬರೆಯುತ್ತಿತ್ತು. ಒಂದೇ ಬ್ಲಾಕ್‌ನಲ್ಲಿ ಅದೇ ಕೀಯನ್ನು ಮುಟ್ಟಿದ ಚೀಟಿಗಳಲ್ಲಿ ಮೊದಲನೆಯದು ಮಾತ್ರ ಉಳಿದು, ಮಿಕ್ಕವು ಓದುವಿಕೆಯ ಘರ್ಷಣೆಯೆಂದು ಅಸಿಂಧುವಾದವು. ಆಕ್ ಸಿಕ್ಕಿದ್ದರಿಂದ ಕ್ಯೂನಲ್ಲಂತೂ ಅವು ಆಗಲೇ ಅಳಿಸಿಹೋಗಿದ್ದವು. ಸಂಜೆ ಗೋದಾಮಿನ ತೂಕಕ್ಕೂ ಲೆಡ್ಜರ್‌ನ ತೂಕಕ್ಕೂ ತಾಳೆಯಾಗದೆ ಕಾಗದದ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡು ಕೂತದ್ದು ನೆನಪಿದೆ.

ತಾತ್ಕಾಲಿಕವಾಗಿ ಪ್ರಿಫೆಚ್ ಮೌಲ್ಯವನ್ನು (ಆಕ್ ಕೊಡುವ ಮುನ್ನ ಬ್ರಿಡ್ಜ್ ಒಮ್ಮೆಗೆ ಎತ್ತಿಕೊಳ್ಳಬಹುದಾದ ಸಂದೇಶಗಳ ಸಂಖ್ಯೆ) 1ಕ್ಕೆ ಇಳಿಸಿ, ಒಂದು ಚೀಟಿ ಮುಗಿದ ಮೇಲೆಯೇ ಇನ್ನೊಂದನ್ನು ಎತ್ತಿಕೊಳ್ಳುವಂತೆ ಮಾಡಿದೆವು. ಘರ್ಷಣೆ ನಿಂತಿತು, ವೇಗವೂ ನಿಂತಿತು. ಆರ್ಡರರ್‌ನ ಬ್ಯಾಚ್ ಟೈಮ್‌ಔಟ್ (ಬ್ಲಾಕ್ ತುಂಬದಿದ್ದರೆ ಕಾಯುವ ಸಮಯ) ಮಾದರಿ ಕಾನ್ಫಿಗರೇಶನ್‌ನಲ್ಲಿ ಇದ್ದಂತೆಯೇ 2 ಸೆಕೆಂಡ್ ಇತ್ತು. ಒಂಟಿ ಚೀಟಿ ಬ್ಲಾಕ್ ತುಂಬುವುದಿಲ್ಲವಾದ್ದರಿಂದ ಪ್ರತಿಯೊಂದೂ ಆ 2 ಸೆಕೆಂಡ್ ಕಾಯಲೇಬೇಕು. 600 ಚೀಟಿಗಳಿಗೆ 20 ನಿಮಿಷ! ರೊಬಸ್ಟಾ ಚೆರ್ರಿಯ ಭರಾಟೆಯಲ್ಲಿ ಲಾರಿ ಸಾಲು ಗೇಟಿನ ಹೊರಗೆ ಬೆಳೆಯುತ್ತಿರುವಾಗ ಇದು ನಡೆಯುವ ಮಾತಲ್ಲ. ಪ್ರತಿ ಚೀಟಿಗೂ ಅದರದ್ದೇ ಕೀ ಕೊಟ್ಟು, ಒಟ್ಟು ತೂಕವನ್ನು ಓದುವಾಗ ಮಾತ್ರ ಕೂಡಿಸುವಂತೆ ಚೈನ್‌ಕೋಡ್ ಬದಲಿಸಿ, ಕಮಿಟ್ ಸ್ಥಿತಿ (ದಾಖಲೆ ಸಿಂಧುವಾಗಿ ಲೆಡ್ಜರ್ ಸೇರಿತೋ ಇಲ್ಲವೋ ಎಂಬುದು) ತಿಳಿದ ನಂತರವೇ ಆಕ್ ಕಳುಹಿಸುವಂತೆ ಮಾಡಿದ ಮೇಲೆ ಪ್ರಿಫೆಚ್ ಅನ್ನು 50ಕ್ಕೆ ಏರಿಸಲು ಸಾಧ್ಯವಾಯಿತು.

ಆದರೂ ಒಂದು ಸಂದು ಉಳಿದಿತ್ತು. 2024ರ ಜನವರಿಯ ಒಂದು ಸಂಜೆ ಅಕಾಲಿಕ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ದಾಖಲೆ ಕಮಿಟ್ ಆದ ಮೇಲೆ ಮತ್ತು ಆಕ್ ಹೋಗುವ ಮುನ್ನ ಬ್ರಿಡ್ಜ್ ಸತ್ತಿತು. ಕರೆಂಟ್ ಬಂದಾಗ ಕ್ಯೂ ತನ್ನ ಧರ್ಮದಂತೆ ಆ ಸಂದೇಶಗಳನ್ನು ಮತ್ತೆ ಕೊಟ್ಟಿತು, ಬ್ರಿಡ್ಜ್ ತನ್ನ ಧರ್ಮದಂತೆ ಮತ್ತೆ ಬರೆಯಿತು. 41 ಚೀಟಿಗಳು ಎರಡೆರಡು ಬಾರಿ ಸೇರಿದವು. ಕೀಯನ್ನು ಚೀಟಿಯ ಸಂಖ್ಯೆಯಿಂದ ರಚಿಸದೆ ವಹಿವಾಟಿನ ಗುರುತಿನಿಂದ ರಚಿಸಿದ್ದು ನಮ್ಮದೇ ತಪ್ಪು. ಈಗ ಕೀ ಎಂದರೆ ಕೇಂದ್ರದ ಸಂಕೇತ, ಹಂಗಾಮಿನ ವರ್ಷ ಮತ್ತು ಚೀಟಿಯ ಸಂಖ್ಯೆ. ಅದೇ ವಿವರ ಮತ್ತೆ ಬಂದರೆ ಚೈನ್‌ಕೋಡ್ ಸುಮ್ಮನೆ ಸರಿ ಎನ್ನುತ್ತದೆ. ಅದೇ ಸಂಖ್ಯೆಯಲ್ಲಿ ಬೇರೆ ತೂಕ ಬಂದರೆ ತಿರಸ್ಕರಿಸುತ್ತದೆ, ಆ ಸಂದೇಶ ಡೆಡ್ ಲೆಟರ್ ಕ್ಯೂಗೆ (ವಿಲೇವಾರಿಯಾಗದ ಸಂದೇಶಗಳನ್ನು ಎತ್ತಿಡುವ ಸಾಲಿಗೆ) ಹೋಗಿ ನನ್ನ ಕಣ್ಣಿಗೆ ಬೀಳುತ್ತದೆ.

ಇನ್ನೆರಡು ವಿಷಯಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಚೈನ್‌ಕೋಡ್ ಒಳಗೆ ಸರ್ವರ್‌ನ ಗಡಿಯಾರವನ್ನು ಓದಬಾರದು. ನಮ್ಮ ಪೀರ್ ಮತ್ತು ರಫ್ತುದಾರರ ಪೀರ್ ಬೇರೆ ಬೇರೆ ಸಮಯ ಬರೆದು ಅನುಮೋದನೆಗಳೇ ಹೊಂದದೆ ಹೋಗುತ್ತವೆ, ವಹಿವಾಟಿನೊಂದಿಗೆ ಬರುವ ಸಮಯವನ್ನೇ ಬಳಸಬೇಕು. ತೂಕವನ್ನು ಗ್ರಾಂ ಲೆಕ್ಕದಲ್ಲಿ, ಔಟ್‌ಟರ್ನ್ ಅನ್ನು (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ) ನೂರರಿಂದ ಗುಣಿಸಿ, ಪೂರ್ಣಾಂಕವಾಗಿಯೇ ಕಳುಹಿಸುವುದು ಒಳ್ಳೆಯದು.

ಪ್ರಮಾಣಪತ್ರದ ವಿಷಯ ಮಾತ್ರ ಚಿಕ್ಕದಲ್ಲ. ಜಾಲದಲ್ಲಿ ಗುರುತು ತೋರಿಸಲು ಫ್ಯಾಬ್ರಿಕ್ ಸಿಎ (ಪ್ರಮಾಣಪತ್ರ ನೀಡುವ ಘಟಕ) ಕೊಡುವ ಪ್ರಮಾಣಪತ್ರದ ಅವಧಿ, ನಾವಾಗಿ ಬದಲಿಸದಿದ್ದರೆ, 8760 ಗಂಟೆ, ಅಂದರೆ ಒಂದು ವರ್ಷ. ಕೊಯ್ಲಿನ ಆರಂಭದಲ್ಲಿ ನೋಂದಾಯಿಸಿದವರಿಗೆ ಅದು ಮುಗಿಯುವುದೂ ಮುಂದಿನ ಕೊಯ್ಲಿನ ಆರಂಭದಲ್ಲಿಯೇ. 2024ರ ಡಿಸೆಂಬರ್‌ನಲ್ಲಿ ಹೀಗೆ ಅವಧಿ ಮುಗಿದು, ಬ್ರಿಡ್ಜ್ ಎತ್ತಿಕೊಂಡ ಸಂದೇಶಗಳನ್ನೆಲ್ಲ ಕ್ಯೂಗೆ ಹಿಂದಿರುಗಿಸತೊಡಗಿತು. ಅದಕ್ಕೂ ಕೆಲವು ವಾರಗಳ ಹಿಂದೆ ನಾವು ರ್ಯಾಬಿಟ್‌ಎಂಕ್ಯು 4.0ಕ್ಕೆ ಏರಿದ್ದೆವು, ಅದರಲ್ಲಿ ಕೋರಂ ಕ್ಯೂಗಳಿಗೆ (ಸಂದೇಶದ ಪ್ರತಿಗಳನ್ನು ಹಲವು ಸರ್ವರ್‌ಗಳಲ್ಲಿ ಇಡುವ ಕ್ಯೂಗಳಿಗೆ) ಮರುವಿತರಣೆಯ ಮಿತಿ 20 ಎಂದು ಪೂರ್ವನಿಗದಿಯಾಗಿದೆ. ಮಿತಿ ದಾಟಿದ ಸಂದೇಶಕ್ಕೆ ಡೆಡ್ ಲೆಟರ್ ವ್ಯವಸ್ಥೆ ಇಲ್ಲದಿದ್ದರೆ ಅದು ಕಳೆದೇ ಹೋಗುತ್ತದೆ. ನಮ್ಮಲ್ಲಿ ಆ ವ್ಯವಸ್ಥೆ ಇದ್ದುದರಿಂದ ಬಚಾವಾದೆವು. ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ, ಮಳೆ ಇಳಿಯುವ ಹೊತ್ತಿಗೆ, ಪ್ರಮಾಣಪತ್ರ ನವೀಕರಿಸುತ್ತೇನೆ.

ಇದನ್ನು ಯಾರಿಗೆ ಶಿಫಾರಸು ಮಾಡಲಿ? ಚೀಟಿ ಬರೆಯುವವರೂ ಓದುವವರೂ ಒಂದೇ ಸಂಸ್ಥೆಯವರಾಗಿದ್ದರೆ ಪೋಸ್ಟ್‌ಗ್ರೆಸ್‌ನಂಥ ಸಾಮಾನ್ಯ ಡೇಟಾಬೇಸ್ ಸಾಕು, ಈ ತಲೆನೋವು ಬೇಡ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ನಂಬಬೇಕಾದ ನಮ್ಮಂಥ ಕಡೆ ಇದು ಕೆಲಸಕ್ಕೆ ಬರುತ್ತದೆ: ಐದರಲ್ಲಿ ನಾಲ್ಕು ಅಂಕ. ಕಳೆದ ವರ್ಷ ರಫ್ತುದಾರರ ಲೆಕ್ಕ ಪರಿಶೋಧಕರು ಬಂದು ಆ 41 ಜೋಡಿ ಚೀಟಿಗಳನ್ನೂ, ಅವುಗಳ ಕೆಳಗೆ ನಾವು ಬರೆದ 41 ರದ್ದತಿ ನಮೂದುಗಳನ್ನೂ ಒಂದೊಂದಾಗಿ ಓದಿ, ಕರೆಂಟ್ ಹೋದ ಸಮಯವನ್ನು ಜನರೇಟರ್ ಪುಸ್ತಕದಲ್ಲಿ ತಾಳೆ ನೋಡಿ, ಸಹಿ ಹಾಕಿ ಹೋದರು.